ತಕ್ಕಡಿ ಸಾಹೇಬರ ಹಿಮ್ಮುಖ ವ್ಯಾಯಾಮ

ಮ್ಯಾರಥಾನ್ ಓಡುವವನಿಗೆ ಓಡುವುದೇ ಕಷ್ಟ ಎಂದು ಓಡದವರೆಲ್ಲ ತಿಳಿದಿದ್ದಾರೆ. ಅದು ಶುದ್ಧ ತಪ್ಪು ತಿಳಿವಳಿಕೆ. ಓಡುವುದು ಹೇಗೋ ಆಗಿಹೋಗುತ್ತದೆ. ಕಷ್ಟವೆಲ್ಲ ಇರುವುದು ಮರುದಿನ ಬೆಳಿಗ್ಗೆ ಮಂಚದಿಂದ ಏಳುವುದರಲ್ಲಿ, ಬಚ್ಚಲುಮನೆಯ ಹೊಸ್ತಿಲು ದಾಟುವುದರಲ್ಲಿ, ಕೆಳಗೆ ಬಿದ್ದ ಕಾಲುಚೀಲವನ್ನು ಬಗ್ಗಿ ಎತ್ತಿಕೊಳ್ಳುವುದೋ ಅಥವಾ ಅದರ ಆಸೆಯನ್ನೇ ಬಿಟ್ಟುಬಿಡುವುದೋ ಎಂದು ತೀರ್ಮಾನಿಸುವುದರಲ್ಲಿ. ಇವೆಲ್ಲಕ್ಕಿಂತ ದೊಡ್ಡ ಕಷ್ಟ ಮೆಟ್ಟಿಲು ಇಳಿಯುವುದರಲ್ಲಿದೆ. ತಕ್ಕಡಿ ಸಾಹೇಬರ ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ.

ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಲಿಫ್ಟಿಗೆಂದು ಬಿಟ್ಟಿದ್ದ ಜಾಗದಲ್ಲಿ ಎಲ್ಲ ಮಹಡಿಯವರೂ ಮುರಿದ ಕುರ್ಚಿ, ತೂತು ಬಕೆಟ್ಟು, ಮಕ್ಕಳು ಬೆಳೆದ ಮೇಲೆ ಉಳಿದ ಪುಟ್ಟ ಸೈಕಲ್ಲುಗಳನ್ನು ತುಂಬಿಟ್ಟಿದ್ದರು. ಸಾಹೇಬರಿಗೆ ಆ ಹೆಸರು ಬಂದದ್ದು ಕೆಲಸದಿಂದ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ, ತೂಕದ ಕಲ್ಲು ಸವೆದಿದೆಯೇ, ಲೀಟರಿನ ಮಾಪು ನಿಜವಾಗಿಯೂ ಲೀಟರೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವ ಇಲಾಖೆಯಲ್ಲಿ ಅವರು ಇನ್‌ಸ್ಪೆಕ್ಟರು. ಬೇರೆಯವರ ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ಅವರ ಕಣ್ಣಿಗೆ ಬೀಳುತ್ತಿತ್ತು. ತಮ್ಮ ಬಲಗಾಲು ವಾಲುತ್ತಿರುವುದು ಮಾತ್ರ ಯಾರ ಕಣ್ಣಿಗೂ ಬೀಳಬಾರದೆಂದು ಅವರು ಹರಸಾಹಸ ಪಡುತ್ತಿದ್ದರು.

ಅದಕ್ಕೆ ಕಾರಣ ಹೆಂಡತಿ. ಹೋದ ವರ್ಷದ ಮ್ಯಾರಥಾನಿನಲ್ಲಿ ಸಾಹೇಬರು ಅರ್ಧಕ್ಕಿಂತ ಹೆಚ್ಚು ದೂರ ಓಡಿ, ಮಂಡಿ ಹಿಡಿದುಕೊಂಡು ರಸ್ತೆಯ ಮಧ್ಯದ ಕಟ್ಟೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಹಿಂದುಳಿದವರನ್ನು ತುಂಬಿಕೊಂಡು ಬರುವ ವ್ಯಾನು ಅವರನ್ನೂ ತುಂಬಿಕೊಂಡು ಬಂದು ಮನೆ ಬಾಗಿಲಿಗೆ ಇಳಿಸಿತು. ಮೂರು ಮಹಡಿಯನ್ನು ಅವರು ಕುಳಿತುಕೊಂಡೇ ಹತ್ತಿದರು. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದ ಹೆಂಡತಿ ಅಂದೇ ತೀರ್ಪು ಕೊಟ್ಟಿದ್ದಳು.

"ಇನ್ಮೇಲೆ ಕಾಲು ನೋವು ಬಂದ್ರೆ ಬಂದ ದಿನಾನೇ ನಂಗೆ ಹೇಳ್ಬೇಕು. ಮುಚ್ಚಿಟ್ಟಿದ್ದು ಗೊತ್ತಾಯ್ತೋ, ಶೂ ಗುಜರಿಗೆ ಹೋಗುತ್ತೆ."

"ಹೇಳಿದ್ರೆ?"

"ಹೇಳಿದ್ರೆ ಓಡೋದು ಸಾಕು, ಮನೇಲಿರಿ ಅಂತೀನಿ."

ಎರಡು ದಾರಿಯೂ ಗುಜರಿ ಅಂಗಡಿಯ ಕಡೆಗೇ ಹೋಗುತ್ತಿದ್ದುದರಿಂದ ಸಾಹೇಬರು ಮೂರನೆಯ ದಾರಿ ಹಿಡಿದರು. ಬಾಯಿ ಮುಚ್ಚಿಕೊಂಡು ಓಡಿದರು. ಐವತ್ತು ದಾಟಿದ ಆ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ. ಗೆಲ್ಲುವುದಲ್ಲ, ಪದಕವಲ್ಲ. ಒಂದೇ ಒಂದು ಸಲ ಆ ಕೊನೆಯ ಗೆರೆಯನ್ನು ತಮ್ಮ ಸ್ವಂತ ಕಾಲ ಮೇಲೆ ದಾಟಬೇಕು, ಅಷ್ಟೇ. ಆಫೀಸಿನಲ್ಲಿ ಬಡ್ತಿ ತಪ್ಪಿತ್ತು, ತಲೆಗೂದಲು ತಪ್ಪಿಸಿಕೊಂಡು ಹೋಗಿತ್ತು. ಇದೊಂದಾದರೂ ಕೈಗೆ ಸಿಗಲಿ ಎಂದು ಅವರು ಕತ್ತಲಿರುವಾಗಲೇ ಎದ್ದು ಓಡುತ್ತಿದ್ದರು.

ಈ ವರ್ಷದ ಓಟಕ್ಕೆ ಇನ್ನು ಎರಡು ತಿಂಗಳಿದೆ ಎನ್ನುವಾಗ ಮಂಡಿ ಮತ್ತೆ ಬಾಲ ಬಿಚ್ಚಿತು. ಭಾನುವಾರ ಉದ್ದದ ಓಟ ಮುಗಿಸಿ, ಸೋಮವಾರ ಆಫೀಸಿಗೆಂದು ಹೊರಟು ಮೊದಲ ಮೆಟ್ಟಿಲ ಮೇಲೆ ಬಲಗಾಲಿಟ್ಟರು. ಮಂಡಿಯೊಳಗೆ ಯಾರೋ ಮೊಳೆ ಹೊಡೆದಂತಾಯಿತು. ಕೂಗು ಗಂಟಲ ತನಕ ಬಂದಿತ್ತು, ಆದರೆ ಮನೆಯ ಬಾಗಿಲು ಇನ್ನೂ ತೆರೆದಿತ್ತು, ಒಳಗೆ ಹೆಂಡತಿ ಚೀಲಕ್ಕೆ ಮಕ್ಕಳ ಪುಸ್ತಕ ತುಂಬುತ್ತಿದ್ದಳು. ಕೂಗನ್ನು ನುಂಗಿಕೊಂಡು ಕಂಬಿ ಹಿಡಿದು ಸುತ್ತ ತಿರುಗಿದರು. ತಿರುಗಿದ ರಭಸಕ್ಕೆ ಒಂದು ಕಾಲು ತಾನಾಗಿಯೇ ಹಿಂದಿನ ಮೆಟ್ಟಿಲಿಗೆ ಇಳಿಯಿತು. ಏನಾಶ್ಚರ್ಯ! ನೋವಿಲ್ಲ. ಇನ್ನೊಂದು ಕಾಲು ಇಳಿಸಿದರು. ನೋವಿಲ್ಲ. ಜಗತ್ತಿಗೆ ಮುಖ ತೋರಿಸಿಕೊಂಡು ಇಳಿದರೆ ಮಾತ್ರ ನೋವು, ಬೆನ್ನು ತೋರಿಸಿದರೆ ಸುಖ. ಸಾಹೇಬರು ಬೆನ್ನು ಮುಂದಾಗಿ, ಬಲು ನೆಮ್ಮದಿಯಿಂದ, ಮೊದಲನೆಯ ಮಹಡಿಯ ತನಕ ಇಳಿದರು.

ಅಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರು ಬಾಗಿಲು ತೆರೆದಿಟ್ಟು ಕುರ್ಚಿ ಹಾಕಿಕೊಂಡು ಕೂತಿದ್ದರು. ನಿವೃತ್ತರಾದ ಮೇಲೆ ಅವರಿಗೆ ಕೌಂಟರ್ ಇರಲಿಲ್ಲವಾದ್ದರಿಂದ ಮೆಟ್ಟಿಲನ್ನೇ ಕೌಂಟರ್ ಮಾಡಿಕೊಂಡಿದ್ದರು. ಅವರ ಕಣ್ಣು ತಪ್ಪಿಸಿ ಆ ಕಟ್ಟಡದಲ್ಲಿ ಒಂದು ಬೆಕ್ಕೂ ಇಳಿದದ್ದಿಲ್ಲ.

"ಏನ್ ಸಾರ್ ಇದು, ಉಲ್ಟಾ ಬರ್ತಾ ಇದೀರಿ?"

ನಿಜ ಹೇಳಿದರೆ ಅದು ಮ್ಯಾನೇಜರ ಹೆಂಡತಿಯ ಕಿವಿಗೆ, ಅಲ್ಲಿಂದ ಮಧ್ಯಾಹ್ನದೊಳಗೆ ಮೂರನೆಯ ಮಹಡಿಗೆ. ಸಾಹೇಬರು ಎರಡು ಸಲ ಕೆಮ್ಮಿ ಸಮಯ ಗಳಿಸಿಕೊಂಡರು.

"ವ್ಯಾಯಾಮ ಸಾರ್. ಹೊಸ ತರದ್ದು."

"ಯಾವುದಕ್ಕೆ ಒಳ್ಳೇದು?"

"ಮೆದುಳಿಗೆ," ಎಂದುಬಿಟ್ಟರು. ಕಾಲಿನಿಂದ ಅತಿ ದೂರದಲ್ಲಿರುವ ಅಂಗ ಅದೇ ಎಂದು ಅವರಿಗೆ ಆ ಕ್ಷಣಕ್ಕೆ ತೋಚಿತ್ತು. "ಮರೆವು ಬರೋದಿಲ್ಲ."

ಮ್ಯಾನೇಜರು ಕುರ್ಚಿಯಲ್ಲಿ ನೆಟ್ಟಗಾದರು. ಆರು ತಿಂಗಳಿಂದ ಅವರನ್ನು ಹಗಲಿರುಳೂ ಕಾಡುತ್ತಿದ್ದದ್ದು ಮರೆವಿನ ಭಯವೊಂದೇ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಿದ್ದರು. "ಯಾವಾಗ ಮಾಡ್ಬೇಕು ಸಾರ್? ಖಾಲಿ ಹೊಟ್ಟೇಲಾ?"

"ಬೆಳಿಗ್ಗೆ ಮಾಡಿದ್ರೆ ಒಳ್ಳೇದು. ಕಂಬಿ ಮಾತ್ರ ಬಿಡಬೇಡಿ ಸಾರ್," ಎಂದು ಸಾಹೇಬರು ಗಾಬರಿಯಿಂದಲೇ ಹೇಳಿದರು. ಆ ಗಾಬರಿಯನ್ನು ಮ್ಯಾನೇಜರು ಗುರುವಿನ ಕಟ್ಟುನಿಟ್ಟು ಎಂದು ತಿಳಿದುಕೊಂಡರು.

ಮರುದಿನ ಮ್ಯಾನೇಜರು ಇಳಿದರು. ಅಂದೇ ಅವರಿಗೆ ಕಳೆದುಹೋಗಿದ್ದ ಟಾರ್ಚು ಸಿಕ್ಕಿತು. ಹೆಂಡತಿ ಕಪಾಟು ಒರೆಸುವಾಗ ಸಿಕ್ಕಿದ್ದು ಎಂಬ ಸಣ್ಣ ವಿವರವನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಮರುದಿನ ಮ್ಯಾನೇಜರಮ್ಮನೂ ಇಳಿದು, ರಾತ್ರಿ ಒಳ್ಳೆಯ ನಿದ್ದೆ ಬಂತೆಂದು ಸಾರಿದರು. ಎರಡನೆಯ ಮಹಡಿಯಲ್ಲಿದ್ದ ಕಟ್ಟಡದ ಸಂಘದ ಕಾರ್ಯದರ್ಶಿಗೆ ಎಂಟು ದಿನದಿಂದ ನಿಲ್ಲದ ಬಿಕ್ಕಳಿಕೆ ಎರಡೇ ಇಳಿತಕ್ಕೆ ನಿಂತುಹೋಯಿತು. ವಾರ ಕಳೆಯುವುದರೊಳಗೆ ಕಟ್ಟಡದಲ್ಲಿ ನೆಟ್ಟಗೆ ಇಳಿಯುವವರು ನಾಚಿಕೊಂಡು ಇಳಿಯುವ ಪರಿಸ್ಥಿತಿ ಬಂತು.

ಇದರಿಂದ ಹತ್ತುವವರ ಪಾಡು ನಾಯಿಪಾಡಾಯಿತು. ಗ್ಯಾಸ್ ಸಿಲಿಂಡರ್ ಹೊತ್ತು ತರುವವನು ಒಂದು ದಿನ ಕಾರ್ಯದರ್ಶಿಯ ಮುಂದೆ ಸಿಲಿಂಡರನ್ನು ದಡ್ಡೆಂದು ಇಳಿಸಿ ಕೇಳಿದ. "ಸ್ವಾಮೀ, ನಿಮ್ಮ ಬಿಲ್ಡಿಂಗಲ್ಲಿ ಮುಖ ಇರೋರು ಯಾರೂ ಇಲ್ವಾ? ಮೇಲಿಂದ ಬರೀ ಬೆನ್ನುಗಳೇ ಬರ್ತವೆ. ನಾನು ಯಾರಿಗೆ ದಾರಿ ಬಿಡಿ ಅನ್ನಲಿ?"

ಕಾರ್ಯದರ್ಶಿ ಎಲೆಕ್ಟ್ರಿಕ್ ಅಂಗಡಿಯವರು, ನಿಯಮಗಳಲ್ಲಿ ಬಹಳ ನಂಬಿಕೆ. ಕೂಡಲೇ ಸಭೆ ಕರೆದರು. ಬಿಸಿ ಬಿಸಿ ಚರ್ಚೆಯಾಗಿ, ಕೊನೆಗೆ ಹತ್ತುವವರೂ ಇಳಿಯುವವರೂ ತಪ್ಪದೆ ತಮ್ಮ ತಮ್ಮ ಎಡಗಡೆಯಲ್ಲೇ ಹೋಗತಕ್ಕದ್ದೆಂದು ಠರಾವಾಯಿತು. ಎಲ್ಲ ಕಡೆಯೂ ನಡೆಯುವ ನಿಯಮ, ಇಲ್ಲೇಕೆ ನಡೆಯಬಾರದು? ಯಾರಿಗೂ ಹೊಳೆಯದಿದ್ದ ವಿಷಯ ಒಂದೇ. ಹಿಮ್ಮುಖವಾಗಿ ಇಳಿಯುವವನು ಹತ್ತುವವನು ನೋಡುವ ಕಡೆಗೇ ನೋಡುತ್ತಿರುತ್ತಾನಾದ್ದರಿಂದ ಇಬ್ಬರಿಗೂ ಎಡಗಡೆ ಒಂದೇ. ಅಂದರೆ, ನಿಯಮವನ್ನು ಮುರಿದವರು ಮಾತ್ರ ಕ್ಷೇಮವಾಗಿ ಮನೆ ಸೇರುತ್ತಿದ್ದರು. ಪಾಲಿಸಿದವರು ಪ್ರತಿ ತಿರುವಿನಲ್ಲೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, "ನಾನು ಎಡಗಡೇಲೇ ಇದೀನಿ ಕಣ್ರೀ!" "ನಾನೂ ಎಡಗಡೇಲೇ ಇದೀನಿ ಕಣ್ರೀ!" ಎಂದು ಜಗಳವಾಡುತ್ತಿದ್ದರು. ಇಬ್ಬರೂ ಹೇಳುತ್ತಿದ್ದದ್ದು ನಿಜವಾಗಿದ್ದರಿಂದ ಜಗಳ ಮುಗಿಯುತ್ತಲೇ ಇರಲಿಲ್ಲ.

ಸಾಹೇಬರಿಗೆ ಸಾಕುಸಾಕಾಗಿ ಹೋಗಿತ್ತು. ಬೆಳಿಗ್ಗೆ ಓಡಿ ದಣಿಯುತ್ತಿದ್ದರು, ಆಮೇಲೆ ಮಹಡಿಗೊಬ್ಬರಂತೆ ನಿಲ್ಲಿಸಿ ಕೇಳುವ ಸಂದೇಹಗಳಿಗೆ ಉತ್ತರ ಹೇಳಿ ಇನ್ನಷ್ಟು ದಣಿಯುತ್ತಿದ್ದರು. ಸಕ್ಕರೆ ಕಾಯಿಲೆಯವರು ಮಾಡಬಹುದೇ? ಕಣ್ಣು ಮುಚ್ಚಿಕೊಂಡರೆ ಫಲ ಹೆಚ್ಚೇ? ಆಫೀಸಿನಲ್ಲಿಯೂ ಬಿಡುವಿರಲಿಲ್ಲ. ಅವರು ಅಲ್ಲಿನ ಮೆಟ್ಟಿಲನ್ನೂ ಹಿಮ್ಮುಖವಾಗಿ ಇಳಿಯುವುದನ್ನು ನೋಡಿದ ದೊಡ್ಡ ಸಾಹೇಬರು, "ಏನ್ರೀ, ಇಂಥಾದ್ದನ್ನ ನೀವೊಬ್ರೇ ಇಟ್ಕೊಂಡಿದ್ರೆ ಹೇಗೆ?" ಎಂದು ಆಕ್ಷೇಪಿಸಿ, ಊಟದ ನಂತರ ಇಡೀ ಶಾಖೆಯನ್ನು ಮೆಟ್ಟಿಲಿಗೆ ಕಳಿಸಿದರು. ತಕ್ಕಡಿಗೆ ಮುದ್ರೆ ಹಾಕಿಸಿಕೊಳ್ಳಲು ಬಂದಿದ್ದ ಕಿರಾಣಿ ಅಂಗಡಿಯವನು ಸರ್ಕಾರವೇ ತನಗೆ ಬೆನ್ನು ಮಾಡಿ ಬರುತ್ತಿರುವುದನ್ನು ಕಂಡು ತಕ್ಕಡಿ ಎತ್ತಿಕೊಂಡು ವಾಪಸ್ಸು ಹೋದನಂತೆ.

ಒಂದು ಬೆಳಿಗ್ಗೆ ಸಾಹೇಬರು ತಮ್ಮ ಹೆಂಡತಿಯೂ ಪುಸ್ತಕದ ಚೀಲ ಹೆಗಲಿಗೇರಿಸಿ, ಕಂಬಿ ಹಿಡಿದು, ಹಿಮ್ಮುಖವಾಗಿ ಇಳಿಯುವುದನ್ನು ಕಂಡರು. ಅಯ್ಯೋ, ಇವಳೂ ನಂಬಿಬಿಟ್ಟಳಲ್ಲ ಎಂದು ಒಂದು ಗಳಿಗೆ ನಾಚಿಕೆಯಾಯಿತು. ಸದ್ಯ, ನಂಬಿದಳಲ್ಲ ಎಂದು ಮರುಗಳಿಗೆ ಸಮಾಧಾನವೂ ಆಯಿತು. ಏನೂ ಕೇಳದೆ ಒಳಗೆ ಹೋಗಿ ಮಂಡಿಗೆ ಮುಲಾಮು ಹಚ್ಚಿಕೊಂಡರು.

ಅಷ್ಟರಲ್ಲಿ ಅವರು ಕದ್ದುಮುಚ್ಚಿ ಫಿಸಿಯೋಥೆರಪಿಗೆ ಹೋಗಲು ಶುರುಮಾಡಿದ್ದರು. ಮನೆಯಲ್ಲಿ ಪೆಟ್ರೋಲ್ ಬಂಕ್ ತಪಾಸಣೆ ಎಂದು ಹೇಳಿ ಹೋಗುತ್ತಿದ್ದರು. ಅಲ್ಲಿದ್ದದ್ದು ಮಗಳ ವಯಸ್ಸಿನ ಡಾಕ್ಟರಮ್ಮ. ಒಂದು ಸಂಜೆ ಆಕೆ ಅವರನ್ನು ಪರದೆಯ ಹಿಂದೆ ಮಲಗಿಸಿ, ಪ್ಯಾಂಟು ಮಡಿಚಿ, ಮಂಡಿಯ ಮೇಲೆ ಐಸ್ ಚೀಲ ಇಟ್ಟು ಹೋಗಿದ್ದಳು. ಹೊರಗೆ ಏನೋ ಗದ್ದಲ ಕೇಳಿಸಿತು.

"ನಿಧಾನ, ನಿಧಾನ! ಎಡಗಡೆಯಿಂದ ಬನ್ನಿ!"

"ಎಡಗಡೆ ಅಂತ ಇನ್ನೊಂದ್ಸಲ ಅಂದ್ರೆ ನೋಡಿ!"

ಮೊದಲನೆಯ ದನಿ ಕಾರ್ಯದರ್ಶಿಯದು, ಎರಡನೆಯದು ಮ್ಯಾನೇಜರದು. ಕಾರ್ಯದರ್ಶಿಯವರು ನಿಯಮದಂತೆ ಹತ್ತಿದ್ದರು, ಮ್ಯಾನೇಜರು ನಿಯಮದಂತೆ ಇಳಿದಿದ್ದರು. ಈಗ ಮ್ಯಾನೇಜರ ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಸಾಹೇಬರು ಉಸಿರು ಬಿಗಿಹಿಡಿದು ಮಲಗಿದರು. ಐಸು ಕರಗಿ ಬೆನ್ನಿನ ಕೆಳಗೆ ಹರಿಯುತ್ತಿತ್ತು, ಅವರು ಮಿಸುಕಲಿಲ್ಲ.

"ಹೇಗೆ ಬಿದ್ರಿ?" ಡಾಕ್ಟರಮ್ಮ ಕೇಳಿದಳು.

"ಹಿಂದೆ ಹಿಂದೆ ಇಳೀತಿದ್ದೆ ಕಣಮ್ಮ. ಮೆದುಳಿನ ವ್ಯಾಯಾಮ. ನಮ್ಮ ತಕ್ಕಡಿ ಸಾಹೇಬರು ಕಂಡುಹಿಡಿದಿದ್ದು. ಅದರಲ್ಲಿ ತಪ್ಪಿಲ್ಲ, ತಪ್ಪೆಲ್ಲ ಈ ಕಾರ್ಯದರ್ಶೀದು."

"ತಕ್ಕಡಿಗೆ ಮುದ್ರೆ ಒತ್ತೋ ಸಾಹೇಬರು ಅಂದ್ರೆ..." ಎಂದ ಡಾಕ್ಟರಮ್ಮ ಸರ್ರನೆ ಪರದೆ ಎಳೆದಳು. "ಇವರಾ?"

ಒಂದು ಕಾಲಿನ ಪ್ಯಾಂಟು ತೊಡೆಯ ತನಕ ಮಡಿಚಿಕೊಂಡು, ಮಂಡಿಯ ಮೇಲೆ ಐಸ್ ಚೀಲ ಹೊತ್ತುಕೊಂಡು ಮಲಗಿದ್ದ ಗುರುವನ್ನು ಶಿಷ್ಯರೆಲ್ಲ ಕಣ್ತುಂಬ ನೋಡಿದರು. ಮ್ಯಾನೇಜರು, ಕಾರ್ಯದರ್ಶಿ, ಮ್ಯಾನೇಜರಮ್ಮ. ಮ್ಯಾನೇಜರಮ್ಮನ ಕೈ ಹಿಡಿದುಕೊಂಡು ಬಂದಿದ್ದ ಸಾಹೇಬರ ಹೆಂಡತಿ.

ಇನ್ನು ಸುಳ್ಳು ಹೇಳುವ ಶಕ್ತಿಯೂ ಸಾಹೇಬರಲ್ಲಿ ಉಳಿದಿರಲಿಲ್ಲ. ಎದ್ದು ಕೂತರು.

"ಅದು ವ್ಯಾಯಾಮ ಅಲ್ಲ. ನಂಗೆ ಮಂಡಿ ನೋವು. ಮುಂದಕ್ಕೆ ಇಳಿಯೋಕೆ ಆಗಲ್ಲ, ಅದಕ್ಕೆ ಹಿಂದಕ್ಕೆ ಇಳಿದೆ. ಮೆದುಳು ಗಿದುಳು ಏನೂ ಇಲ್ಲ. ಬಾಯಿಗೆ ಬಂದಿದ್ದು ಹೇಳಿದೆ."

ಮ್ಯಾನೇಜರು ನಕ್ಕರು.

"ಸಾರ್, ವಿನಯ ಇರ್ಬೇಕು, ಆದ್ರೆ ಇಷ್ಟು ಬೇಡ."

"ನಿಜವಾಗ್ಲೂ ಸಾರ್!"

"ಹಾಗಾದ್ರೆ ನನ್ನ ಟಾರ್ಚು ಹೇಗೆ ಸಿಕ್ತು?" ಮ್ಯಾನೇಜರ ದನಿ ಏರಿತು. "ನನಗೆ ಮರೆವು ಹೋಗಿದೆ. ಈಗ ಬಂದು ಅದು ಸುಳ್ಳು ಅಂದ್ರೆ ಹೇಗೆ? ನಂಬಿಕೊಂಡಿರೋರ ಗತಿ ಏನು?"

"ನನ್ನ ಬಿಕ್ಕಳಿಕೆಗೆ ಏನ್ ಹೇಳ್ತೀರಿ?" ಎಂದು ಕಾರ್ಯದರ್ಶಿಯೂ ಮೇಲೆ ಬಿದ್ದರು. ಅವರಿಬ್ಬರೂ ಒಂದೇ ಪಕ್ಷಕ್ಕೆ ಸೇರಿದ್ದು ಆ ವಾರದಲ್ಲಿ ಅದೇ ಮೊದಲು.

ಡಾಕ್ಟರಮ್ಮ ಕೈ ಎತ್ತಿ ಎಲ್ಲರ ಬಾಯಿ ಮುಚ್ಚಿಸಿದಳು. "ನೋಡಿ, ಹಿಂದಕ್ಕೆ ಇಳಿಯೋದು ಔಷಧಿ ಅಲ್ಲ. ಮಂಡಿ ನೋವಿರೋರಿಗೆ ಹಾಗೆ ಇಳಿದ್ರೆ ಸುಖ ಅನ್ಸುತ್ತೆ, ಅಷ್ಟೇ. ಇಲ್ಲಿ ಯಾರಿಗಾದ್ರೂ ಹಾಗೆ ಇಳಿಯೋವಾಗ್ಲೇ ಹಾಯಾಗಿ ಇದ್ರೆ ಈಗಲೇ ಹೇಳಿ. ಅವರ ಕಾಲನ್ನೂ ನೋಡ್ಬೇಕಾಗುತ್ತೆ."

ಸಾಹೇಬರ ಹೆಂಡತಿ ತನ್ನ ತರಗತಿಯ ಮಕ್ಕಳಂತೆ ಮೆಲ್ಲಗೆ ಒಂದು ಬೆರಳೆತ್ತಿದಳು.

"ನಿಮಗಾ? ಎಷ್ಟು ದಿನದಿಂದ?"

"ಎರಡು ವರ್ಷ ಆಗಿರ್ಬೇಕು. ಇಡೀ ದಿನ ನಿಂತು ಪಾಠ ಮಾಡ್ತೀನಲ್ಲ."

ಸಾಹೇಬರು ಬಾಯಿ ತೆರೆದವರು ಮುಚ್ಚಲಿಲ್ಲ. "ಎರಡು ವರ್ಷ? ನಂಗೆ ಹೇಳಲೇ ಇಲ್ಲ?"

"ನೀವು ಕೇಳಲೇ ಇಲ್ವಲ್ರೀ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. "ಹೋದ ವರ್ಷವೆಲ್ಲ ನಿಮ್ಮ ಮಂಡಿಯೇ ಮನೆ ತುಂಬಾ ಇತ್ತು. ಐಸು, ಪಟ್ಟಿ, ಮುಲಾಮು. ನನ್ನದನ್ನ ಎಲ್ಲಿ ಇಡೋದು? ಆ ಹಾಳು ವ್ಯಾಯಾಮ ನಂಬಿ ಮಾಡಿದೆ. ಮೊದಲನೇ ಸಲ ನೋವಿಲ್ದೆ ಕೆಳಗೆ ಇಳಿದೆ. ನೋಡು, ಕೊನೆಗೂ ಇವರಿಂದ ನಂಗೊಂದು ಉಪಕಾರ ಆಯ್ತು ಅಂದ್ಕೊಂಡಿದ್ದೆ. ಅದೂ ಸುಳ್ಳಾ?"

ಲೋಕದ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿದ್ದ ಸಾಹೇಬರು ತಲೆ ತಗ್ಗಿಸಿ ಐಸ್ ಚೀಲವನ್ನು ನೋಡುತ್ತ ಕೂತರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

ಶೂ ಗುಜರಿಗೆ ಹೋಗಲಿಲ್ಲ. ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಇಷ್ಟೇ ಹೇಳಿದಳು. "ಓಡ್ಕೊಳ್ಳಿ. ಒಂದು ವರ್ಷದಿಂದ ಒದ್ದಾಡ್ತಿದೀರಿ. ಆದ್ರೆ ನೋವು ಅಂದಾಗ ನೋವು ಅನ್ನಿ." ಡಾಕ್ಟರಮ್ಮ ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ. ನೋವು ಬಂದ ಕೂಡಲೇ ನಿಂತರೆ ಮುಂದಿನ ವರ್ಷವೂ ಓಡಬಹುದು. ನಿಲ್ಲದೆ ಹೋದರೆ ನಡೆಯುವುದೂ ಕಷ್ಟ. ಗಂಡ ಹೆಂಡತಿ ಇಬ್ಬರಿಗೂ ಆಕೆ ಒಂದೇ ಕಸರತ್ತು ಕೊಟ್ಟಳು. ದಿನಾ ಸಂಜೆ ಇಬ್ಬರೂ ಗೋಡೆಗೆ ಒರಗಿ ಕಾಲೆತ್ತಿ ಇಳಿಸುತ್ತಿದ್ದರು. ಮಾತು ಕಡಿಮೆ, ಏದುಸಿರು ಜಾಸ್ತಿ.

ಮ್ಯಾರಥಾನಿನ ದಿನ ಬಂತು. ಓಟದ ದಾರಿ ಅವರ ಕಟ್ಟಡದ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಅಲ್ಲಿಗೆ ಓಟ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮುಗಿದಂತೆ. ಕಟ್ಟಡದವರೆಲ್ಲ ಕುರ್ಚಿ ಹಾಕಿಕೊಂಡು ಗೇಟಿನಲ್ಲಿ ಕಾದಿದ್ದರು. ಮುಂದಿನ ಸಾಲಿನವರು ಗಾಳಿಯಂತೆ ಹೋದರು. ಮಧ್ಯದವರು ಹೋದರು. ಬಹಳ ಹೊತ್ತಿನ ಮೇಲೆ ತಿರುವಿನಲ್ಲಿ ಸಾಹೇಬರು ಕಾಣಿಸಿಕೊಂಡರು. ಓಡುತ್ತಿದ್ದರು ಎನ್ನಲು ಅಡ್ಡಿಯಿಲ್ಲ. ಅವರ ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬ ಮುದುಕರು ಅವರಿಗಿಂತ ಸ್ವಲ್ಪ ಮುಂದಿದ್ದರು ಅಷ್ಟೇ.

ಮಂಡಿಯ ಮೊಳೆ ಹಿಂದಿನ ತಿರುವಿನಲ್ಲೇ ಎದ್ದಿತ್ತು. ಮುಖದ ಮೇಲೆ ಏನೂ ತೋರಿಸದೆ ಗೇಟು ದಾಟಿಬಿಟ್ಟರೆ ಯಾರಿಗೂ ತಿಳಿಯದು. ಮುಂದೆ ಹೇಗೋ ಎಳೆದುಕೊಂಡು ಹೋಗಬಹುದು. ಆ ಗೆರೆ ಒಂದಿದ್ದರೆ ಸಾಕು. ಚಪ್ಪಾಳೆ ಶುರುವಾಯಿತು. ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ಚಪ್ಪಾಳೆ ತಟ್ಟದೆ ಅವರ ಕಾಲನ್ನೇ ನೋಡುತ್ತಿದ್ದಳು.

"ರೀ, ನೋವಾ?"

"ಇಲ್ಲ" ಎನ್ನುವುದು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ನಿಂತಿತ್ತು. ವರ್ಷಗಟ್ಟಲೆ ಅಭ್ಯಾಸವಾಗಿದ್ದ ಮಾತು. ಸಾಹೇಬರು ನಿಂತರು.

"ಹೂಂ," ಎಂದರು. "ನೋವು."

"ಎಷ್ಟು?"

"ಬಹಳ."

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಸಾಹೇಬರು ಗೇಟಿನೊಳಗೆ ಬಂದು ಕುಸಿದು ಕೂತರು. ಕಣ್ಣು ತುಂಬಿಬಂತು. ಬೆವರೂ ಅದರ ಜೊತೆಗೆ ಇಳಿಯುತ್ತಿದ್ದುದರಿಂದ ಮರ್ಯಾದೆ ಉಳಿಯಿತು. ಅಷ್ಟರಲ್ಲಿ ಮ್ಯಾನೇಜರು ಊರುಗೋಲೆತ್ತಿ ರಸ್ತೆಯ ಆ ಬದಿಗೂ ಈ ಬದಿಗೂ ನೋಡಿ, ಗೇಟಿನೊಳಗೆ ಬೇರೆ ಯಾವ ಓಟಗಾರನೂ ಇಲ್ಲವೆಂದು ಖಚಿತಪಡಿಸಿಕೊಂಡು ಕೂಗಿದರು.

"ನೋಡ್ರಯ್ಯಾ! ನಮ್ಮೋರೇ ಮೊದಲು ಬಂದಿದ್ದು! ಉಳಿದೋರೆಲ್ಲ ಇನ್ನೂ ಓಡ್ತಾನೇ ಇದಾರೆ!"

ಕಾರ್ಯದರ್ಶಿ ಶಿಳ್ಳೆ ಹೊಡೆದರು. ಮ್ಯಾನೇಜರಮ್ಮ ನೀರು ತಂದುಕೊಟ್ಟರು. ತಿದ್ದಲು ಸಾಹೇಬರಿಗೆ ತ್ರಾಣವಿರಲಿಲ್ಲ. ಗಲಾಟೆ ತಣ್ಣಗಾದ ಮೇಲೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಿದ್ದ ಹೆಂಡತಿಯ ಕಡೆ ತಿರುಗಿದರು.

"ನಿಂದು ಹೇಗಿದೆ?"

"ಯಾವ್ದು?"

"ಮಂಡಿ."

ಅವಳು ಅವರ ಮುಖವನ್ನು ಒಂದು ಗಳಿಗೆ ಅನುಮಾನದಿಂದ ನೋಡಿದಳು. ಕೇಳಿದ್ದು ನಿಜವೆಂದು ಖಾತ್ರಿಯಾದ ಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು ಹೇಳಲು ಶುರುಮಾಡಿದಳು. ಬೆಳಿಗ್ಗೆ ಎದ್ದ ತಕ್ಷಣ ಹೇಗಿರುತ್ತದೆ, ಬೋರ್ಡಿನ ಮೇಲ್ತುದಿಯಲ್ಲಿ ಬರೆಯುವಾಗ ಎಲ್ಲಿ ಚುಚ್ಚುತ್ತದೆ, ಬಸ್ಸಿನ ಮೆಟ್ಟಿಲಿಗೂ ಮನೆಯ ಮೆಟ್ಟಿಲಿಗೂ ಇರುವ ವ್ಯತ್ಯಾಸವೇನು. ಸಾಹೇಬರು ಹೂಂಗುಟ್ಟುತ್ತ ಕೇಳಿದರು. ಕಟ್ಟಕಡೆಯ ಓಟಗಾರನೂ ಹೋದ. ರಸ್ತೆಗೆ ಹಾಕಿದ್ದ ಹಗ್ಗ ಬಿಚ್ಚಿದರು, ಬಸ್ಸುಗಳು ಓಡಾಡತೊಡಗಿದವು, ಕಟ್ಟಡದವರು ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಮೇಲೆ ಹೋದರು. ಆಗಲೂ ಅವಳು ಎಡಗಾಲಿನ ವಿಷಯದಲ್ಲೇ ಇದ್ದಳು. ಬಲಗಾಲಿಗೆ ಇನ್ನೂ ಬಂದಿರಲಿಲ್ಲ.